ಕತೆಯಲ್ಲಿ ತಪ್ಪು ಹುಡುಕಿದ ಹುಡುಗ

ಪಾಠದ ಪುಸ್ತಕದ ನಡುವೆ ಕತೆ ಪುಸ್ತಕ ಇಟ್ಟುಕೊಂಡು ಓದುವ ಮಕ್ಕಳ ಬಗ್ಗೆ ಪಾಲಕರ ದೂರು ಹಳೆಯದು. ಅದೂ ಮಂತ್ರವಾದಿಗಳ, ಅನ್ಯಗ್ರಹವಾಸಿಗಳ ಕತೆಯಾದರೆ ದೂರು ಇನ್ನಷ್ಟು ಗಟ್ಟಿ. "ನಡೆಯದ ಸಂಗತಿ ಓದಿ ಏನು ಬಂತು? ಅಷ್ಟು ಹೊತ್ತು ಲೆಕ್ಕ ಮಾಡಿದ್ದರೆ ನಾಲ್ಕು ಅಂಕವಾದರೂ ಬರುತ್ತಿತ್ತು" ಎಂಬ ಮಾತು ಪರೀಕ್ಷೆ ಹತ್ತಿರವಾದಾಗ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಎಸ್.ಎಸ್.ಎಲ್.ಸಿ.ಗೆ ಕಾಲಿಟ್ಟ ವರ್ಷ ಈ ಪುಸ್ತಕಗಳು ಅಟ್ಟ ಸೇರುತ್ತವೆ. ಬಹಳಷ್ಟು ಸಲ ಅವು ಮತ್ತೆ ಕೆಳಗಿಳಿಯುವುದೇ ಇಲ್ಲ.

ಲೆಕ್ಕಕ್ಕೂ ಕತೆಗೂ ನಿಜವಾಗಿಯೂ ವೈರವಿದೆಯೇ? 1894ರಲ್ಲಿ ಟ್ರಾನ್ಸಿಲ್ವೇನಿಯಾದಲ್ಲಿ ಹುಟ್ಟಿದ ಹರ್ಮನ್ ಓಬರ್ತ್ ಎಂಬ ಹುಡುಗನ ಸಂಗತಿ ಇಲ್ಲಿ ನೆನೆಯತಕ್ಕದ್ದು. ಸುಮಾರು ಹನ್ನೊಂದರ ವಯಸ್ಸಿನಲ್ಲಿ ಅವನ ಕೈಗೆ ಫ್ರೆಂಚ್ ಲೇಖಕ ಜೂಲ್ಸ್ ವರ್ನ್ 1865ರಲ್ಲಿ ಬರೆದ 'ಭೂಮಿಯಿಂದ ಚಂದ್ರನಿಗೆ' ಕಾದಂಬರಿ ಸಿಕ್ಕಿತು. ಅದರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ನೆಲ ಅಗೆದು 900 ಅಡಿ ಉದ್ದದ ಫಿರಂಗಿ ಎರಕ ಹೊಯ್ಯುತ್ತಾರೆ. ಟೊಳ್ಳು ಗುಂಡಿನೊಳಗೆ ಮೂವರನ್ನು ಕೂರಿಸಿ ಚಂದ್ರನತ್ತ ಹಾರಿಸುತ್ತಾರೆ. ಹುಡುಗ ಕತೆಗೆ ಮರುಳಾದ. ಆದರೆ ಅಷ್ಟಕ್ಕೇ ನಿಲ್ಲದೆ, ವರ್ನ್ ಕೊಟ್ಟ ಅಂಕಿಗಳು ಸರಿಯೇ ಎಂದು ಪರೀಕ್ಷಿಸಹೊರಟ.

ಆ ಪರೀಕ್ಷೆಯನ್ನು ಇಂದಿನ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಲ್ಲ. ವರ್ನ್ ಹೇಳುವ ವೇಗ ಸೆಕೆಂಡಿಗೆ 12,000 ಗಜ, ಎಂದರೆ ಸುಮಾರು 11 ಕಿಲೋಮೀಟರ್. ಭೂಮಿಯ ಸೆಳೆತದಿಂದ ಪಾರಾಗಲು ಬೇಕಾದ ವಿಮೋಚನಾ ವೇಗ 11.2 ಕಿಲೋಮೀಟರ್. ಇಷ್ಟರಮಟ್ಟಿಗೆ ಲೇಖಕನ ಲೆಕ್ಕ ಚೊಕ್ಕವಾಗಿದೆ. ಆದರೆ ಗುಂಡು ಆ ವೇಗವನ್ನು ಫಿರಂಗಿಯ ಕೊಳವೆಯೊಳಗೇ, ಸುಮಾರು 275 ಮೀಟರ್ ದೂರದಲ್ಲಿ ಗಳಿಸಬೇಕು. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ವೇಗೋತ್ಕರ್ಷ ಸಿಗುತ್ತದೆ. ಉತ್ತರ ಗುರುತ್ವ ವೇಗೋತ್ಕರ್ಷದ 22,000 ಪಟ್ಟಿಗೂ ಹೆಚ್ಚು! ನಲವತ್ತು ಕಿಲೋ ತೂಗುವ ಹುಡುಗ ಆ ಗುಂಡಿನಲ್ಲಿ ಕುಳಿತರೆ ಅವನ ಭಾರ 880 ಟನ್ನಿನಷ್ಟಾಗುತ್ತದೆ. ವರ್ನ್ ಆಘಾತ ತಡೆಯಲು ಗುಂಡಿನ ತಳದಲ್ಲಿ ನೀರು ತುಂಬಿಸಿದ್ದಾನೆ. ಅದರಿಂದ ಏನೂ ಪ್ರಯೋಜನವಿಲ್ಲ. ಮೂವರು ಯಾತ್ರಿಕರೂ ಹೊರಟ ಕ್ಷಣದಲ್ಲೇ ಅಪ್ಪಚ್ಚಿ.

ಹಾಗಾದರೆ ವೇಗವನ್ನು ಒಮ್ಮೆಲೇ ಕೊಡದೆ ಮೆಲ್ಲಮೆಲ್ಲನೆ ಹೆಚ್ಚಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ರಾಕೆಟ್. ಓಬರ್ತ್ 1923ರಲ್ಲಿ ಪ್ರಕಟಿಸಿದ ಪುಸ್ತಕ ಗ್ರಹಯಾನದ ರಾಕೆಟ್ಟುಗಳನ್ನು ಕುರಿತದ್ದೇ. ಅದಕ್ಕೆ ಮುನ್ನ ಅದೇ ವಿಷಯದ ಮೇಲೆ ಆತ ಬರೆದ ಪ್ರೌಢಪ್ರಬಂಧವನ್ನು ವಿಶ್ವವಿದ್ಯಾಲಯ ಒಪ್ಪಿರಲಿಲ್ಲ. 1969ರಲ್ಲಿ ಅಪೋಲೊ-11 ಮೂವರನ್ನು ಹೊತ್ತು ಅದೇ ಫ್ಲಾರಿಡಾದಿಂದ ಚಂದ್ರನತ್ತ ಹೊರಟಾಗ, ವೃದ್ಧ ಓಬರ್ತ್ ಅದನ್ನು ನೋಡಲು ಅಲ್ಲಿಗೆ ಬಂದಿದ್ದರು. ಯಾನಿಗಳ ಮೇಲೆ ಬಿದ್ದ ಒತ್ತಡ ಗುರುತ್ವದ ಸುಮಾರು ನಾಲ್ಕು ಪಟ್ಟು ಮಾತ್ರ. ಕತೆಯಲ್ಲಿನ ತಪ್ಪನ್ನು ಬಾಲಕನೊಬ್ಬ ಗಂಭೀರವಾಗಿ ತೆಗೆದುಕೊಂಡುದರ ಫಲ ಅದರಲ್ಲಿ ಸೇರಿತ್ತು.

ಅಂಗಡಿಯಲ್ಲಿ ರಾಶಿ ಬಿದ್ದಿರುವ ಇಂಥ ಪುಸ್ತಕಗಳಲ್ಲಿ ಆಯ್ಕೆ ಹೇಗೆ? ಒಂದು ಸುಲಭ ಒರೆಗಲ್ಲು ಇದೆ. ಒಳ್ಳೆಯ ವೈಜ್ಞಾನಿಕ ಕಾದಂಬರಿ ನಿಸರ್ಗದ ಒಂದೋ ಎರಡೋ ನಿಯಮಗಳನ್ನು ಮುರಿದು ಉಳಿದವನ್ನು ಪಾಲಿಸುತ್ತದೆ. ಒಳ್ಳೆಯ ಮಾಯಾಲೋಕದ ಕಾದಂಬರಿ ತನ್ನದೇ ನಿಯಮಗಳನ್ನು ಮಾಡಿಕೊಂಡು ಕೊನೆಯವರೆಗೆ ಅದಕ್ಕೆ ಬದ್ಧವಾಗಿರುತ್ತದೆ. ನಾಯಕ ಸಿಕ್ಕಿಹಾಕಿಕೊಂಡಾಗಲೆಲ್ಲ ಹೊಸ ಮಂತ್ರ, ಹೊಸ ಯಂತ್ರ ಪ್ರತ್ಯಕ್ಷವಾಗುವ ಪುಸ್ತಕಕ್ಕೆ ದುಡ್ಡು ಹಾಕಬೇಕಾಗಿಲ್ಲ.

ಎಚ್.ಜಿ. ವೆಲ್ಸ್‌ನ 'ಅದೃಶ್ಯ ಮನುಷ್ಯ' (1897) ಮೊದಲ ಬಗೆಗೆ ಮಾದರಿ. ಅದರ ನಾಯಕ ಗ್ರಿಫಿನ್ ತನ್ನ ದೇಹದ ವಕ್ರೀಭವನ ಸೂಚ್ಯಂಕವನ್ನು ಗಾಳಿಯದಕ್ಕೆ ಸಮ ಮಾಡಿಕೊಂಡು ಕಾಣದಾಗುತ್ತಾನೆ. ಪ್ರಯೋಗಾಲಯದ ಬೋರೋಸಿಲಿಕೇಟ್ ಗಾಜಿನ ಕಡ್ಡಿಯನ್ನು ಗ್ಲಿಸರೀನಿನಲ್ಲಿ ಅದ್ದಿದರೆ ಅದೂ ಹೆಚ್ಚುಕಡಿಮೆ ಮಾಯವಾಗುತ್ತದೆ, ಕಾರಣ ಇದೇ. ಉಳಿದ ನಿಯಮಗಳು ಮಾತ್ರ ಗ್ರಿಫಿನ್‌ನನ್ನು ಬಿಡುವುದಿಲ್ಲ. ಚಳಿಯಾಗುತ್ತದೆ, ಉಂಡ ಅನ್ನ ಅರಗುವವರೆಗೆ ಹೊಟ್ಟೆಯಲ್ಲಿ ಕಾಣುತ್ತದೆ. ವೆಲ್ಸ್ ದಾಟಿಹೋದ ಒಂದು ತೊಡಕು ಇದೆ: ಬೆಳಕನ್ನು ಹೀರಿಕೊಳ್ಳದ ಅಕ್ಷಿಪಟ ಏನನ್ನೂ ಕಾಣಲಾರದು. ಎಂದರೆ ಅದೃಶ್ಯ ಮನುಷ್ಯ ಕುರುಡನಾಗಿರಬೇಕು. ಮಕ್ಕಳು ಇದನ್ನು ತಾವೇ ಕಂಡುಹಿಡಿಯುವಂತೆ ಬಿಟ್ಟರೆ ಬೆಳಕಿನ ಪಾಠ ಮರೆಯುವುದಿಲ್ಲ.

ವರ್ನ್‌ನ 'ಎಂಬತ್ತು ದಿನಗಳಲ್ಲಿ ಭೂಪ್ರದಕ್ಷಿಣೆ' (1873) ಯಾವ ನಿಯಮವನ್ನೂ ಮುರಿಯದು. ಪಂದ್ಯ ಸೋತೆನೆಂದುಕೊಂಡ ಫಾಗ್ ಗೆಲ್ಲುವುದು ಪೂರ್ವಾಭಿಮುಖವಾಗಿ ಸುತ್ತಿ ಒಂದು ದಿನ ಉಳಿಸಿದ್ದರಿಂದ. ರೇಖಾಂಶ, ಅಂತರರಾಷ್ಟ್ರೀಯ ದಿನಾಂಕ ರೇಖೆಗಳಿಗೆ ಇದಕ್ಕಿಂತ ರುಚಿಯಾದ ಪಾಠ ಸಿಗದು. ಅವನ 'ರಹಸ್ಯ ದ್ವೀಪ'ದಲ್ಲಿ ಕನ್ನಡದ ಮಕ್ಕಳಿಗೊಂದು ಅಚ್ಚರಿ ಕಾದಿದೆ. ನಾಟಿಲಸ್ ಜಲಾಂತರ್ಗಾಮಿಯ ಕ್ಯಾಪ್ಟನ್ ನೀಮೊ ಬುಂದೇಲಖಂಡದ ರಾಜಕುಮಾರ ಡಕ್ಕರ್, 1857ರ ದಂಗೆಯಲ್ಲಿ ಹೋರಾಡಿದವನು, ಟಿಪ್ಪು ಸುಲ್ತಾನನ ಸೋದರಳಿಯ ಎಂದು ವರ್ನ್ ಅಲ್ಲಿ ಬಯಲು ಮಾಡುತ್ತಾನೆ!

ಮಾಯಾಲೋಕದ ಕತೆಗಳು ನಮಗೆ ಹೊಸವೇನಲ್ಲ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸ ತನ್ನ ಪ್ರಾಣ ಅಡಗಿಸಿಟ್ಟ ಕತೆಯನ್ನು ಕೇಳಿ ಬೆಳೆದ ಅಜ್ಜಿಗೆ, ಹ್ಯಾರಿ ಪಾಟರ್‌ನ ಖಳನಾಯಕ ತನ್ನ ಆತ್ಮದ ಚೂರುಗಳನ್ನು ಉಂಗುರ, ಬಟ್ಟಲುಗಳಲ್ಲಿ ಬಚ್ಚಿಟ್ಟದ್ದು ವಿಚಿತ್ರವೆನಿಸದು. ಈ ಬಗೆಯಲ್ಲಿ ಕಿರಿಯರಿಗೆ ಟೋಲ್ಕಿನ್‌ನ 'ಹಾಬಿಟ್' (1937) ಸೊಗಸಾದ ಆರಂಭ. ಹೈಸ್ಕೂಲಿನವರಿಗೆ ಅರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ತ್‌ಸೀ' (1968). ಅಲ್ಲಿ ಮಂತ್ರಕ್ಕೂ ಬೆಲೆ ತೆರಬೇಕು. ಒಂದು ಕಡೆ ಗಾಳಿಮಳೆಯನ್ನು ಬದಲಿಸಿದರೆ ಇನ್ನೊಂದು ಕಡೆ ಸಮತೋಲ ತಪ್ಪುತ್ತದೆ. ಶಕ್ತಿ ಪ್ರದರ್ಶನದ ಹಮ್ಮಿನಿಂದ ಬಾಲಕ ಗೆಡ್ ಕರೆದ ನೆರಳು ಅವನನ್ನೇ ಬೆನ್ನಟ್ಟುತ್ತದೆ. ವಿಜ್ಞಾನ ಓದುವವರಿಗೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ಬೇರೆ ಬೇಕಿಲ್ಲ.

ಇಂಗ್ಲಿಷ್ ತೊಡಕಾದರೆ ಕನ್ನಡದಲ್ಲೇ ಆರಂಭಿಸಬಹುದು. ವೈಜ್ಞಾನಿಕ ಕತೆಗಳಿಗೆ ರಾಜಶೇಖರ ಭೂಸನೂರಮಠ ಅವರ ಪುಸ್ತಕಗಳಿವೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಈ ಸಾಲಿಗೆ ಪೂರ್ತಿ ಸೇರದಿದ್ದರೂ, ಹಾರುವ ಓತಿಯ ಬೆನ್ನು ಹತ್ತಿದ ವಿಜ್ಞಾನಿಯೊಂದಿಗೆ ಹಳ್ಳಿಯ ಮಂದಣ್ಣನನ್ನೂ ಸರಿಸಮನಾಗಿ ನಿಲ್ಲಿಸುತ್ತದೆ. ಅಂಕ ಕಡಿಮೆ ಬಂದ ಮಗು ಅದನ್ನು ಓದಲೇಬೇಕು. ಅದರ ಅಪ್ಪ ಅಮ್ಮನೂ ಓದಬೇಕು. ವರ್ನ್, ವೆಲ್ಸ್ ಕೃತಿಗಳ ಹಕ್ಕಿನ ಅವಧಿ ಮುಗಿದಿರುವುದರಿಂದ ಅವುಗಳ ಹಳೆಯ ಇಂಗ್ಲಿಷ್ ಆವೃತ್ತಿಗಳು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ.

ಪಾಲಕರು ಮಾಡಬೇಕಾದ್ದು ಹೆಚ್ಚೇನಿಲ್ಲ. ಪುಸ್ತಕ ಮುಗಿದ ಮೇಲೆ "ಇದರ ನೀತಿ ಏನು?" ಎಂದು ಕೇಳುವ ಬದಲು "ಇದರಲ್ಲಿ ಯಾವುದು ಸಾಧ್ಯ, ಯಾವುದು ಅಸಾಧ್ಯ, ಏಕೆ?" ಎಂದು ಕೇಳಿದರೆ ಸಾಕು. ಹೀಗೆ ಕೇಳಿಸಿಕೊಂಡು ಬೆಳೆದ ಮಗು ನಾಳೆ ಮೊಬೈಲಿನಲ್ಲಿ ಬರುವ ಪವಾಡದ ಸುದ್ದಿಯನ್ನೂ ಅದೇ ಪ್ರಶ್ನೆಯಿಂದ ತೂಗುತ್ತದೆ. ಪರೀಕ್ಷೆಯ ವರ್ಷದಲ್ಲಿ ಓದಿಗೆ ಸಮಯ ಗೊತ್ತುಮಾಡಲಿ, ತಪ್ಪಿಲ್ಲ. ರಾತ್ರಿ ಊಟದ ನಂತರದ ಅರ್ಧ ಗಂಟೆ ಮಾತ್ರ ಮಗುವಿಗೂ ಅದರ ಕತೆಗೂ ಇರಲಿ. ಪಕ್ಕದಲ್ಲಿ ಒಂದು ಪೆನ್ಸಿಲು, ಒಂದು ಹಾಳೆ ಇದ್ದರೆ ಇನ್ನೂ ಒಳ್ಳೆಯದು.