ಹೆಸರಿಡುವವರ ಕಿವಿ

ಹೆಸರು ಬದಲಿಸುವುದರಲ್ಲಿ ನಮ್ಮ ಸರ್ಕಾರಗಳನ್ನು ಮೀರಿಸುವವರಿಲ್ಲ. ‘ಕಿವುಡ-ಮೂಗರ ಶಾಲೆ’ ಎಂಬ ಬೋರ್ಡಿನ ಮೇಲೆ ಬಣ್ಣ ಬಳಿದು ‘ಶ್ರವಣದೋಷವುಳ್ಳ ಮಕ್ಕಳ ಶಾಲೆ’ ಅಂತ ಬರೆಸಿದರು. ಅಂಗವಿಕಲರು ವಿಕಲಚೇತನರಾದರು, ದೆಹಲಿಯವರು ದಿವ್ಯಾಂಗರೆಂದರು. ಒಳಗೆ ಮೇಷ್ಟ್ರು ಮಾತ್ರ ಇವತ್ತಿಗೂ ಕರಿಹಲಗೆಗೆ ಮುಖ ಮಾಡಿ, ಮಕ್ಕಳಿಗೆ ಬೆನ್ನು ಹಾಕಿ ಪಾಠ ಹೇಳುತ್ತಾರೆ. ತುಟಿ ನೋಡಿ ಕಲಿಯಬೇಕಾದ ಮಗು ಏನನ್ನು ನೋಡಬೇಕು, ಅವರ ಅಂಗಿಯನ್ನೇ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತಕ್ಕಡಿ ಹಿಡಿದು ಕೂತಿದೆ. ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ನಷ್ಟವಿದ್ದರೆ ಕಿವುಡು, 60ರಿಂದ 70 ಇದ್ದರೆ ಮಂದ ಶ್ರವಣ. 55 ಇದ್ದರೆ? ಏನೂ ಅಲ್ಲ. ಒಂದು ಕಿವಿ ಪೂರ್ತಿ ಹೋಗಿ ಇನ್ನೊಂದು ನೆಟ್ಟಗಿದ್ದರೂ ಏನೂ ಅಲ್ಲ. ಅದೂ ಸರಾಸರಿ ಲೆಕ್ಕ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಬೀಪ್ ಕೇಳಿದಾಗಲೆಲ್ಲ ಬೆರಳೆತ್ತು ಅನ್ನುತ್ತಾರೆ. ಹಾಳೆಯ ಮೇಲೆ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಗುರುತು. ದಪ್ಪ ಸ್ವರಕ್ಕೆ 30ರಲ್ಲೇ ಬೆರಳೆತ್ತಿ, ಕೀರಲು ಸ್ವರಕ್ಕೆ 80 ದಾಟಿದರೂ ಸುಮ್ಮನಿರುವ ಹುಡುಗಿಯ ಸರಾಸರಿ 60 ಮುಟ್ಟದೇ ಹೋಗಬಹುದು. ಅವಳಿಗೆ ‘ಮನೆ’ ಕೇಳಿಸುತ್ತದೆ. ‘ಶಾಲೆ’ಯ ಶ, ‘ಸೊಪ್ಪಿ’ನ ಸ ಕೇಳಿಸುವುದಿಲ್ಲ. ಸರ್ಟಿಫಿಕೇಟೂ ಸಿಗುವುದಿಲ್ಲ. ಕ್ಲಾಸಿನಲ್ಲಿ ಅವಳಿಗೊಂದು ಹೆಸರು ಮಾತ್ರ ಸಲೀಸಾಗಿ ಸಿಗುತ್ತದೆ: ದಡ್ಡಿ.

ಅಳೆಯುವವರೂ ಹೆಸರಿಡುವವರೂ ಕಿವಿ ಕೇಳುವವರೇ. ಈ ದರ್ಪ ಹಳೆಯದು. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಕರು ಸಮ್ಮೇಳನ ಸೇರಿ, ಶಾಲೆಗಳಲ್ಲಿ ಸನ್ನೆ ಭಾಷೆ ಬೇಡ, ಬಾಯಿಮಾತೇ ಸಾಕು ಎಂದು ಗೊತ್ತುವಳಿ ಮಾಡಿದರು. 164 ಪ್ರತಿನಿಧಿಗಳಲ್ಲಿ ಕಿವುಡ ಒಬ್ಬನೇ! ಅದಕ್ಕೆ ವಿಷಾದ ಸೂಚಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ. ಆ 130 ವರ್ಷಗಳಲ್ಲಿ ಎಷ್ಟು ಪುಟ್ಟ ಕೈಗಳ ಮೇಲೆ ಬೆತ್ತ ಬಿತ್ತೋ, ಲೆಕ್ಕ ಇಟ್ಟವರ್ಯಾರು?

ಶ್ರವಣ‘ದೋಷ’ವಂತೆ. ಹಾಸ್ಟೆಲಿನ ಅಂಗಳಕ್ಕೆ ಸಂಜೆ ಹೋಗಿ ನೋಡಿ. ಕಿವುಡ ಮಕ್ಕಳು ಕೈಯಲ್ಲೇ ಹರಟುತ್ತಾರೆ, ಜಗಳ ಕಾಯುತ್ತಾರೆ, ವಾರ್ಡನ್ ನಡೆಯುವ ಠೀವಿಯನ್ನು ಅಣಕಿಸಿ ಬಿದ್ದು ಬಿದ್ದು ನಗುತ್ತಾರೆ. ಆ ಭಾಷೆಯ ಒಂದು ಪದವೂ ಬಾರದವರು ಅವರಿಗೇ ಪಾಠ ಹೇಳಿ ಸಂಬಳ ಎಣಿಸುತ್ತಾರಲ್ಲ, ಆ ದೋಷಕ್ಕೆ ಯಾವ ಹೆಸರಿಟ್ಟಿದ್ದೀರಿ ಸ್ವಾಮೀ? ಅದನ್ನು ಎಷ್ಟು ಡೆಸಿಬೆಲ್ಲಿನಲ್ಲಿ ಅಳೆದಿದ್ದೀರಿ?

ಸನ್ನೆ ಭಾಷೆಯಲ್ಲಿ ಅರ್ಹತೆ ಪಡೆದ ಅಂಗವಿಕಲ ಶಿಕ್ಷಕರನ್ನೂ ನೇಮಿಸಿ ಎಂದು ಅದೇ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಅದನ್ನು ಓದಿ. ಕಿವುಡ ಮೇಷ್ಟ್ರನ್ನು, ಕಿವುಡ ಟೀಚರನ್ನು ತಂದು ಕ್ಲಾಸಿನಲ್ಲಿ ನಿಲ್ಲಿಸಿ. ಮಕ್ಕಳನ್ನು ಏನಂತ ಕರೆಯಬೇಕೆಂದು ಆಮೇಲೆ ಅವರನ್ನೇ ಕೇಳಿದರಾಯಿತು.