ಪ್ಯಾಕೇಜ್ ಮಾತ್ರ ಕೇಳಿದರೆ ಸಾಲದು

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಎರಡು ವರ್ಷ ದುಡಿದೆ. ಅಲ್ಲಿ ಬುದ್ಧಿವಂತರಿಗೆ ಬರವಿರಲಿಲ್ಲ; ತೀರ್ಮಾನ ತೆಗೆದುಕೊಳ್ಳುವವರಿಗೆ ಬರವಿತ್ತು. ಮೂರು ತಿಂಗಳಿಗೊಮ್ಮೆ ಗುರಿ ಬದಲಾಗುತ್ತಿತ್ತು, ಬರೆದ ಕೋಡ್ ಮೂಲೆ ಸೇರುತ್ತಿತ್ತು. ಮೇಲಿನವರ ಗೊಂದಲಕ್ಕೆ ಅಪ್ರೈಸಲ್‌ನಲ್ಲಿ ಬೆಲೆ ತೆತ್ತವರು ನಾವು.

ಪಿಎಫ್ ಹಣ ಸಂಬಳದಲ್ಲಿ ಕಡಿತವಾದರೂ ಖಾತೆಗೆ ಬೀಳಲಿಲ್ಲ. ಮುಂದಿನ ತಿಂಗಳ 15ರೊಳಗೆ ಅದನ್ನು ಕಟ್ಟಬೇಕೆಂಬುದು ನಿಯಮ. ಎಚ್‌ಆರ್ ಬಳಿ ಕೇಳಿದರೆ, ‘ಮೇಲಿನವರು ಹೇಳಬೇಕು’ ಎಂಬ ಉತ್ತರ. ಆ ಮೇಲಿನವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ!

ಗೆಳೆಯರೇ, ಸಂದರ್ಶನದಲ್ಲಿ ಪ್ಯಾಕೇಜ್ ಜೊತೆ ಇನ್ನೆರಡು ಪ್ರಶ್ನೆ ಕೇಳಿ: ಈ ಹುದ್ದೆಯಲ್ಲಿ ಮೊದಲಿದ್ದವರು ಏಕೆ ಬಿಟ್ಟರು? ಇಲ್ಲಿ ಅಂತಿಮ ತೀರ್ಮಾನ ಯಾರದು? ಸೇರಿದ ಮೇಲೆ ಉಮಂಗ್ ಆ್ಯಪ್‌ನಲ್ಲಿ ಪ್ರತಿ ತಿಂಗಳು ಪಿಎಫ್ ಪಾಸ್‌ಬುಕ್ ನೋಡಿ. ಕಂಪನಿಯ ಜಾಹೀರಾತು ಹೇಳದ ಸತ್ಯವನ್ನು ಅದು ಹೇಳುತ್ತದೆ.