‘ನೈಸರ್ಗಿಕ’ವೆಂಬ ಮಾತಿನ ವ್ಯಾಪಾರ

ಹೆಂಗಸರಿಗೆ ಮುಟ್ಟು ನಿಲ್ಲುವ ಕಾಲದ ಸಂಕಟವನ್ನು ಕುರಿತು ಈ ಪತ್ರಿಕೆಯಲ್ಲಿ ಬರೆಯುವುದೇ ಎಂದು ಹುಬ್ಬು ಗಂಟಿಕ್ಕುವ ಮಿತ್ರರು ಇದ್ದಾರು. ಕೂಲಿ, ಬೋನಸ್ಸು, ದಿನಸಿಯ ಧಾರಣೆ, ಅಂಗಡಿಯ ಮೇಲಿನ ತೆರಿಗೆ, ಇವಿಷ್ಟೇ ರಾಜಕೀಯ, ಉಳಿದದ್ದು ಮನೆವಾರ್ತೆ ಎಂಬುದು ಅವರ ಭಾವನೆ. ಹೆಂಗಸರಿಗೆ ಪಾಯಿಖಾನೆ ಇಲ್ಲದಿರುವುದೂ ಒಲೆಯ ಹೊಗೆ ಅವರ ಕಣ್ಣು ಕೆಡಿಸುವುದೂ ರಾಷ್ಟ್ರದ ಪ್ರಶ್ನೆಗಳೇ ಎಂದು ಡಾ. ಲೋಹಿಯಾ ಹೇಳಿದಾಗ ನಕ್ಕವರೂ ಇದೇ ಭಾವನೆಯವರು. ಇಂದು ಯಾವ ಪಕ್ಷದ ಸರಕಾರವಾದರೂ ಆ ಎರಡನ್ನೇ ತನ್ನ ಸಾಧನೆಯ ಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳುತ್ತದೆ. ಆದ್ದರಿಂದ ನಗುವವರು ನಗಲಿ, ನಾವು ವಿಷಯಕ್ಕೆ ಬರೋಣ.

ನಮ್ಮ ಬೀದಿಯಲ್ಲಿ ಒಬ್ಬ ತಾಯಿ ಇದ್ದಾರೆ. ನೂಲಿನ ಗಿರಣಿಯಲ್ಲಿ ಇಪ್ಪತ್ತು ವರ್ಷ ದುಡಿದ ಕೈ. ವಯಸ್ಸು ನಲವತ್ತೇಳು. ವರ್ಷದಿಂದೀಚೆಗೆ ಎದೆಯಿಂದ ಮುಖದ ತನಕ ಇದ್ದಕ್ಕಿದ್ದಂತೆ ಬಿಸಿ ಏರುತ್ತದೆ, ಮೈಯೆಲ್ಲ ಬೆವರುತ್ತದೆ, ರಾತ್ರಿ ನಿದ್ದೆಯಿಲ್ಲ. ಗಿರಣಿಯೊಳಗೆ ದಾರ ತುಂಡಾಗಬಾರದೆಂದು ಗಾಳಿಯಲ್ಲಿ ತೇವ ತುಂಬಿಸುತ್ತಾರೆ. ಆ ಸೆಕೆಯಲ್ಲಿ ಈ ಬಿಸಿಯೂ ಸೇರಿದರೆ ಏನಾಗುವುದೆಂದು ಅನುಭವಿಸಿದವರೇ ಬಲ್ಲರು. ಐದು ನಿಮಿಷ ಹೊರಗೆ ನಿಂತರೆ ಮೇಸ್ತ್ರಿಯ ಕಣ್ಣು ಕೆಂಪಾಗುತ್ತದೆ. ಯಾರೋ ಹೇಳಿದರೆಂದು ಆಕೆ ಮೂರು ತಿಂಗಳಲ್ಲಿ ಆರು ಡಬ್ಬಿ ಪುಡಿ ಕೊಂಡು 5,400 ರೂಪಾಯಿ ತೆತ್ತರು. ಡಬ್ಬಿಯ ಮೇಲೆ ‘ನೂರಕ್ಕೆ ನೂರು ನೈಸರ್ಗಿಕ, ಅಡ್ಡ ಪರಿಣಾಮವಿಲ್ಲ’ ಎಂದು ಅಚ್ಚಾಗಿತ್ತು. ಬಿಸಿ ಇಳಿಯಲಿಲ್ಲ, ಸಂಘದ ಸಾಲ ಏರಿತು.

ಆ ತಾಯಿ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಕೇಳಲು ಮತ್ತೊಂದು ಬಾಗಿಲು ಅವರಿಗೆ ಇರಲಿಲ್ಲ. ಆದರೆ ಆ ಅಚ್ಚಾದ ಮಾತಿನ ಹಿಂದೆ ಏನಿದೆ ಎಂದು ನೋಡುವುದು ನಮ್ಮ ಕರ್ತವ್ಯ.

ಮುಟ್ಟು ನಿಲ್ಲುವುದು ರೋಗವಲ್ಲ. ನಮ್ಮ ದೇಶದ ಹೆಂಗಸರಿಗೆ ಸಾಮಾನ್ಯವಾಗಿ 46–47ನೆಯ ವಯಸ್ಸಿನ ಆಸುಪಾಸಿನಲ್ಲಿ, ಪಶ್ಚಿಮ ದೇಶಗಳಲ್ಲಿ 51ರ ಆಸುಪಾಸಿನಲ್ಲಿ ಅದು ನಿಲ್ಲುತ್ತದೆ. ಅಂಡಾಶಯ ತಯಾರಿಸುವ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುತ್ತದೆ. ಮೈಯ ಶಾಖವನ್ನು ಹದದಲ್ಲಿಡುವ ಮಿದುಳಿನ ಭಾಗ ಆಗ ತುಸು ಶಾಖ ಏರಿದರೂ ಬೆಚ್ಚಿ ಬೆವರು ಹರಿಸುತ್ತದೆ. ಕೆಲವರಿಗೆ ಇದು ಬಂದದ್ದೂ ತಿಳಿಯದು. ಕೆಲವರಿಗೆ ವರ್ಷಗಟ್ಟಲೆ ನಿದ್ದೆ ಕೆಡುತ್ತದೆ, ಕೆಲಸ ಕೆಡುತ್ತದೆ, ಮನಸ್ಸು ಕೆಡುತ್ತದೆ. ರೋಗವಲ್ಲವೆಂದ ಮಾತ್ರಕ್ಕೆ ಸಂಕಟವಲ್ಲವೆಂದು ಯಾರೂ ತಿಳಿಯಬಾರದು. ಹೆರಿಗೆಯೂ ರೋಗವಲ್ಲ. ಹಾಗೆಂದು ಸೂಲಗಿತ್ತಿ ಬೇಡವೆಂದವರುಂಟೆ?

ಈ ಸಂಕಟಕ್ಕೆ ಪಶ್ಚಿಮದ ಕಂಪನಿಗಳು ಕಂಡುಕೊಂಡ ಉಪಾಯ ಹಾರ್ಮೋನು ಮಾತ್ರೆ. ಅಮೇರಿಕದಲ್ಲಿ 1942ರಲ್ಲಿ ಪೇಟೆಗೆ ಬಂದ ಹೆಸರಾಂತ ಮಾತ್ರೆಯನ್ನು ಗಬ್ಬದ ಕುದುರೆಗಳ ಮೂತ್ರದಿಂದ ತೆಗೆಯುತ್ತಿದ್ದರು. ನಿಸರ್ಗದಿಂದ ಬಂದದ್ದೇ ಸಾಧುವೆಂದಾದರೆ ಇದಕ್ಕಿಂತ ನೈಸರ್ಗಿಕವಾದದ್ದು ಯಾವುದು? 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯ ಒಂದು ಪುಸ್ತಕ ಬರೆದು, ಈ ಮಾತ್ರೆ ನುಂಗಿದರೆ ಹೆಂಗಸು ಸದಾ ಯೌವನದಲ್ಲಿರುವಳೆಂದು ಸಾರಿದ. ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಮಾತ್ರೆಯ ಕಂಪನಿ ಅವನಿಗೆ ಹಣ ಕೊಟ್ಟಿತ್ತೆಂಬುದು ಬಹುಕಾಲದ ಮೇಲೆ ಅವನ ಮಗನಿಂದಲೇ ಹೊರಬಿತ್ತು. 1975ರಲ್ಲಿ, ಈಸ್ಟ್ರೋಜನ್ ಒಂದನ್ನೇ ನುಂಗಿದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುವುದೆಂದು ಗೊತ್ತಾಯಿತು. ಆಮೇಲೆ ಮತ್ತೊಂದು ಹಾರ್ಮೋನು ಸೇರಿಸಿ ಕೊಡತೊಡಗಿದರು.

2002ರಲ್ಲಿ ಬಂದ ಸುದ್ದಿ ಜಗತ್ತನ್ನೇ ಬೆಚ್ಚಿಸಿತು. ಅಮೇರಿಕದಲ್ಲಿ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ಸರಕಾರಿ ಪ್ರಯೋಗವನ್ನು ನಡುವಿನಲ್ಲೇ ನಿಲ್ಲಿಸಿದರು. ಎರಡೂ ಹಾರ್ಮೋನು ನುಂಗಿದ ಹತ್ತು ಸಾವಿರ ಮಂದಿಯಲ್ಲಿ ವರ್ಷಕ್ಕೆ ಸ್ತನದ ಕ್ಯಾನ್ಸರ್ ಎಂಟು, ಪಾರ್ಶ್ವವಾಯು ಎಂಟು, ಹೃದ್ರೋಗ ಏಳು ಹೆಚ್ಚಾಗಿ ಕಂಡವು. ಸೊಂಟದ ಮೂಳೆ ಮುರಿತ ಐದು ಕಡಿಮೆಯಾಯಿತು. ಆದರೆ ಆ ಹೆಂಗಸರ ಸರಾಸರಿ ವಯಸ್ಸು 63. ಬಿಸಿ ಏರುವ ಕಾಲವನ್ನು ದಾಟಿ ಎಷ್ಟೋ ವರ್ಷಗಳಾದವರೇ ಅವರಲ್ಲಿ ಹೆಚ್ಚು. ಅರವತ್ತರೊಳಗಿನ, ಮುಟ್ಟು ನಿಂತು ಹತ್ತು ವರ್ಷ ದಾಟದ, ಆರೋಗ್ಯವಂತ ಹೆಂಗಸಿಗೆ ಸಂಕಟ ತೀವ್ರವಾಗಿದ್ದರೆ ಈ ಚಿಕಿತ್ಸೆಯ ಲಾಭವೇ ಹೆಚ್ಚು ಎಂಬುದು ಮುಂದಿನ ಪರಿಶೀಲನೆಯಿಂದ ಖಚಿತವಾಗಿದೆ. ಸ್ತನದ ಕ್ಯಾನ್ಸರ್ ಬಂದವರು, ರಕ್ತ ಹೆಪ್ಪುಗಟ್ಟಿದವರು, ಪಾರ್ಶ್ವವಾಯು ಬಡಿದವರು, ಯಕೃತ್ತಿನ ರೋಗವಿರುವವರು, ಕಾರಣ ತಿಳಿಯದೆ ರಕ್ತ ಹೋಗುವವರು ಇದನ್ನು ತೆಗೆದುಕೊಳ್ಳಬಾರದು. ಬಿಸಿಯನ್ನು ಇಳಿಸುವುದರಲ್ಲಿ ಇದಕ್ಕೆ ಸಮನಾದ ಮದ್ದು ಇಂದಿಗೂ ಇಲ್ಲ. ಇದು ಕಂಪನಿಗಳ ಪರವಾದ ಮಾತಲ್ಲ, ಸತ್ಯದ ಪರವಾದ ಮಾತು.

ಆದರೆ 2002ರ ಭಯ ಇನ್ನೊಬ್ಬ ವರ್ತಕನಿಗೆ ಸುಗ್ಗಿಯಾಯಿತು. ಹಾರ್ಮೋನಿಗೆ ಹೆದರಿ ಓಡಿದ ಹೆಂಗಸರಿಗಾಗಿ ಮೂಲಿಕೆಯ ಅಂಗಡಿ ಬಾಗಿಲು ತೆರೆದು ಕುಳಿತಿತ್ತು. ಬ್ಲ್ಯಾಕ್ ಕೊಹೋಶ್ ಎಂಬ ಅಮೇರಿಕದ ಬೇರು, ಸೋಯಾದ ಸಾರ, ಇವನಿಂಗ್ ಪ್ರಿಮ್‌ರೋಸ್ ಎಣ್ಣೆ, ನಮ್ಮ ಅಗಸೆ ಬೀಜ, ಎಲ್ಲವೂ ಡಬ್ಬಿ ಸೇರಿದವು. ಪರೀಕ್ಷಿಸಿದವರು ಏನು ಕಂಡರು? ಬ್ಲ್ಯಾಕ್ ಕೊಹೋಶ್ ಕುರಿತ 16 ಪ್ರಯೋಗಗಳನ್ನು 2012ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ಅದು ಕೆಲಸ ಮಾಡುತ್ತದೆನ್ನಲು ಸಾಕಷ್ಟು ಆಧಾರ ದೊರೆಯಲಿಲ್ಲ. ಅದರಿಂದ ಯಕೃತ್ತು ಕೆಟ್ಟವರಿದ್ದಾರೆಂದು ಹಲವು ದೇಶಗಳು ಎಚ್ಚರಿಕೆ ಕೊಟ್ಟಿವೆ. ಸೋಯಾ ಸಾರದ ಫಲ ಒಂದು ಪ್ರಯೋಗದಲ್ಲಿ ಹೌದೆಂದರೆ ಮತ್ತೊಂದರಲ್ಲಿ ಇಲ್ಲ. ಅಗಸೆಯನ್ನು ಅಮೇರಿಕದಲ್ಲಿ ಸುಮಾರು 190 ಹೆಂಗಸರಿಗೆ ಕೊಟ್ಟು ನೋಡಿದ್ದರು. ಅಗಸೆ ತಿಂದವರಿಗೂ, ಅಗಸೆಯೆಂದು ತಿಳಿದು ಬೇರೇನನ್ನೋ ತಿಂದವರಿಗೂ ಬಿಸಿ ಒಂದೇ ಸಮ ಇಳಿದಿತ್ತು.

ಈ ಕೊನೆಯ ಮಾತನ್ನು ಗಮನಿಸಬೇಕು. ಬರಿಯ ಹಿಟ್ಟಿನ ಗುಳಿಗೆ ಕೊಟ್ಟರೂ ಬಹಳ ಮಂದಿಗೆ ಬಿಸಿ ಅರ್ಧದಷ್ಟು ಇಳಿದದ್ದುಂಟು. ನಂಬಿಕೆಯಿಂದ ಸ್ವಲ್ಪ, ಕಾಲ ಕಳೆದಂತೆ ತಾನಾಗಿ ಇಳಿಯುವುದರಿಂದ ಸ್ವಲ್ಪ. ‘ನನಗೆ ಗುಣವಾಯಿತು’ ಎಂದು ನೆರೆಮನೆಯಾಕೆ ಹೇಳಿದರೆ ಆಕೆ ಸುಳ್ಳು ಹೇಳುತ್ತಿಲ್ಲ. ಆದರೆ ಗುಣವಾದದ್ದು ಡಬ್ಬಿಯಿಂದಲೇ ಎಂಬುದಕ್ಕೆ ಅದು ಸಾಕ್ಷಿಯಲ್ಲ. ವ್ಯಾಪಾರ ನಿಂತಿರುವುದು ಈ ಅಂತರದ ಮೇಲೆ.

ಹಾಗಾದರೆ ನಮ್ಮ ಆಯುರ್ವೇದ? ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅಶೋಕದ ತೊಗಟೆ, ಶತಾವರಿಯ ಬೇರು ನಮ್ಮ ಅಜ್ಜಿಯರ ಕಾಲದಿಂದ ಬಂದವು. ಆದರೆ ನಿಜವಾದ ಅಶೋಕದ ಮರ ಕಾಡಿನಲ್ಲಿ ಅಪರೂಪವಾಗಿ, ರಸ್ತೆ ಬದಿಯ ಕಂಬದಂತೆ ಬೆಳೆಯುವ ಬೇರೆಯೇ ಜಾತಿಯ ಮರದ ತೊಗಟೆ ಅದರ ಹೆಸರಿನಲ್ಲಿ ಪೇಟೆಗೆ ಬರುತ್ತಿದೆ. 2004ರಲ್ಲಿ ಬೋಸ್ಟನ್ ನಗರದ ಅಂಗಡಿಗಳಲ್ಲಿ ಕೊಂಡ ದಕ್ಷಿಣ ಏಷ್ಯಾದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ, ಇಲ್ಲವೇ ಪಾಷಾಣ ಸಿಕ್ಕಿತು. ಊರಿನ ಪಂಡಿತರು ನಾಡಿ ಹಿಡಿದು, ತಾವೇ ಕಂಡ ಮರದ ತೊಗಟೆ ಕೊಡುತ್ತಿದ್ದುದು ಬೇರೆ, ಕಂಪನಿ ಡಬ್ಬಿ ಮುಚ್ಚಿ ಮೇಲೆ ಎಲೆಯ ಚಿತ್ರ ಬಿಡಿಸಿ ಮಾರುವುದು ಬೇರೆ. ಸಂಪ್ರದಾಯದ ಹೆಸರು ಹೇಳಿ ಲಾಭ ಹೊಡೆಯುವವನು ಸಂಪ್ರದಾಯದ ಮಿತ್ರನಲ್ಲ.

ಮುಟ್ಟಿನ ದೋಷ ಸರಿಪಡಿಸುತ್ತೇವೆಂದು ಔಷಧಿಯ ಜಾಹೀರಾತು ಹಾಕುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಕಾಯಿದೆ ಇದ್ದೂ ಮೊಬೈಲಿನ ಪರದೆಯ ತುಂಬ ಅವೇ ಜಾಹೀರಾತು. 2024ರಲ್ಲಿ ದೊಡ್ಡ ಆಯುರ್ವೇದ ಕಂಪನಿಯೊಂದು ಸುಳ್ಳು ಜಾಹೀರಾತಿಗಾಗಿ ಸುಪ್ರೀಂ ಕೋರ್ಟಿನ ಮುಂದೆ ಕೈಮುಗಿದು, ಪತ್ರಿಕೆಗಳಲ್ಲಿ ಕ್ಷಮಾಪಣೆ ಅಚ್ಚು ಹಾಕಿಸಬೇಕಾಯಿತು. ಕೋರ್ಟು ಗದರಿಸುವ ತನಕ ಸರಕಾರದ ಅಧಿಕಾರಿಗಳು ಏನು ಮಾಡುತ್ತಿದ್ದರು?

ಹಾರ್ಮೋನು ಬೇಡವೆನ್ನುವವರಿಗೆ, ತೆಗೆದುಕೊಳ್ಳಬಾರದವರಿಗೆ ದಾರಿಯೇ ಇಲ್ಲವೇ? ಇದೆ. ಆದರೆ ಅದರಲ್ಲಿ ದೊಡ್ಡ ಲಾಭವಿಲ್ಲ, ಆದ್ದರಿಂದ ಜಾಹೀರಾತಿಲ್ಲ. ಬಿಸಿ ಏರಿದಾಗ ಮನಸ್ಸು ಗಾಬರಿಗೊಳ್ಳದಂತೆ, ಉಸಿರನ್ನು ನಿಧಾನಗೊಳಿಸುವಂತೆ, ನಿದ್ದೆಯನ್ನು ಹದಕ್ಕೆ ತರುವಂತೆ ಕಲಿಸುವ ಒಂದು ಕ್ರಮವಿದೆ. ಇಂಗ್ಲೆಂಡಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸರಿಗೆ ಇದನ್ನೇ ಒಂದು ಚಿಕ್ಕ ಪುಸ್ತಿಕೆಯಾಗಿ ಕೊಟ್ಟು ಪರೀಕ್ಷಿಸಿ, 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಸಿಯ ಬಾಧೆ ಇಳಿದಿತ್ತು, ನಿದ್ದೆ ಸುಧಾರಿಸಿತ್ತು. ಒಂದು ಪುಸ್ತಿಕೆ! ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸಲು ಎಷ್ಟು ಖರ್ಚು? ಯೋಗದಿಂದ ಬಿಸಿಯ ಸಂಖ್ಯೆ ಇಳಿಯುತ್ತದೆಂಬುದಕ್ಕೆ ಬಲವಾದ ಆಧಾರವಿಲ್ಲದಿದ್ದರೂ ನಿದ್ದೆಗೆ ಅನುಕೂಲವಾದದ್ದುಂಟು. ಮೈ ತೂಕ ಹೆಚ್ಚಿದ್ದವರು ಇಳಿಸಿಕೊಂಡರೆ ಬಿಸಿ ಕಡಿಮೆಯಾದೀತು. ಹಾರ್ಮೋನು ಅಲ್ಲದ ಮಾತ್ರೆಗಳೂ ಇವೆ, ವೈದ್ಯರು ನೋಡಿ ಕೊಡಬೇಕು. ಮುಟ್ಟು ನಿಂತ ಮೇಲೆ ಮೂಳೆ ಸವೆಯುತ್ತದೆ. ನಮ್ಮ ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿದ ಕ್ಯಾಲ್ಸಿಯಂ ಇದೆ. ಬಿಸಿಗೆ ಅದು ಮದ್ದಲ್ಲ, ಆದರೆ ಊಟಕ್ಕೆ ಅದಕ್ಕಿಂತ ಒಳ್ಳೆಯ ಕಾಳು ಬೇಕೆ? ಮತ್ತೊಂದು ಮಾತನ್ನು ಪ್ರತಿ ಮನೆಯಲ್ಲೂ ಹೇಳಿ: ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ಯಾವ ಕಷಾಯಕ್ಕೂ ಕಾಯದೆ ವೈದ್ಯರನ್ನು ಕಾಣಬೇಕು. ಅದು ಕ್ಯಾನ್ಸರಿನ ಮೊದಲ ಗುರುತಾಗಿರಬಹುದು.

ಕೇಳುವ ಬಾಗಿಲು ಇಲ್ಲದಾಗ ಡಬ್ಬಿಗಿಂತ ಘೋರವಾದದ್ದೂ ನಡೆಯುತ್ತದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಕಬ್ಬು ಕಡಿಯುವ ಸುಮಾರು 82 ಸಾವಿರ ಹೆಂಗಸರನ್ನು ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶವೇ ಇರಲಿಲ್ಲ. ಕೆಲಸ ತಪ್ಪಿದರೆ ದಂಡ, ಮುಟ್ಟು ಬಂದರೆ ಕೆಲಸ ತಪ್ಪುತ್ತದೆ, ಆದ್ದರಿಂದ ತೆಗೆಸಿಬಿಡು ಎಂಬ ಲೆಕ್ಕ. ನಮ್ಮ ಕಲಬುರ್ಗಿ ಜಿಲ್ಲೆಯ ತಾಂಡಾಗಳ ಬಡ ಹೆಂಗಸರಿಗೆ ಬೇಡದ ಶಸ್ತ್ರಚಿಕಿತ್ಸೆ ಮಾಡಿದ ಪ್ರಕರಣ 2015ರಲ್ಲಿ ಬಯಲಾಯಿತು. ಅಂಡಾಶಯವನ್ನೂ ಕಿತ್ತರೆ ಮೂವತ್ತೈದರ ಹೆಣ್ಣಿಗೂ ಮರುದಿನವೇ ಮುಪ್ಪಿನ ಬಿಸಿ ಏರುತ್ತದೆ, ಮೂಳೆ ಬೇಗ ಸವೆಯುತ್ತದೆ. ಆಮೇಲೆ ಆಕೆಗೆ ‘ನೈಸರ್ಗಿಕ’ ಪುಡಿ ಮಾರಲು ಇನ್ನೊಬ್ಬ ಬರುತ್ತಾನೆ. ಒಬ್ಬ ಕತ್ತರಿಯಿಂದ ಗಳಿಸಿದರೆ ಇನ್ನೊಬ್ಬ ಡಬ್ಬಿಯಿಂದ ಗಳಿಸುತ್ತಾನೆ.

ನಮ್ಮ ಓದುಗರಲ್ಲಿ ಅಂಗಡಿಯವರು ಅನೇಕರಿದ್ದಾರೆ. ಅವರಲ್ಲಿ ಒಂದು ಬಿನ್ನಹ. ಅಗಸೆ ಮಾರಿ, ಆದರೆ ಅಗಸೆಯೆಂದೇ ಮಾರಿ. ಹಿಂಡಿ ಕುಟ್ಟಿ ರೊಟ್ಟಿಗೆ ಹಚ್ಚಿಕೊಳ್ಳಲು ಅದು ಒಳ್ಳೆಯದೇ. ಕಂಪನಿಯ ಏಜೆಂಟನು ಒಂದು ಡಬ್ಬಿಗೆ ಇಷ್ಟು ಕಮಿಷನ್ ಎಂದಾಗ, ಕೊಳ್ಳುವಾಕೆ ನಿಮ್ಮದೇ ಕೇರಿಯ ಅಕ್ಕ ಎಂಬುದನ್ನು ನೆನೆಯಿರಿ. ಏಜೆಂಟನು ನಾಳೆ ಬೇರೆ ಊರಿಗೆ ಹೋಗುತ್ತಾನೆ, ಆ ಅಕ್ಕ ನಿಮ್ಮ ಅಂಗಡಿಗೇ ಬರುತ್ತಾಳೆ.

ಇನ್ನು ಸರಕಾರಕ್ಕೂ ಧಣಿಗಳಿಗೂ. ಹೆಂಗಸರಿಗೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡಲು ನಮ್ಮ ರಾಜ್ಯದ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿತು. ಒಳ್ಳೆಯದೇ. ಆದರೆ ಮುಟ್ಟು ನಿಲ್ಲುವ ಕಾಲದ ಹೆಂಗಸಿನ ಪಾಡೇನು? ಆಕೆಯನ್ನು ಲೆಕ್ಕಕ್ಕೆ ಹಿಡಿದವರಾರು? ನಾವು ಕೇಳುವುದು ಇಷ್ಟು. ಒಂದು, ಪ್ರತಿ ಇ.ಎಸ್.ಐ. ದವಾಖಾನೆಯಲ್ಲಿ ವಾರಕ್ಕೊಂದು ದಿನ ಈ ಸಂಕಟಕ್ಕೆಂದೇ ಮಹಿಳಾ ವೈದ್ಯರು ಕುಳಿತುಕೊಳ್ಳಬೇಕು. 2019ರ ಜುಲೈಯಲ್ಲಿ ಗೊತ್ತುಮಾಡಿದ ದರದಂತೆ ಕಾರ್ಮಿಕರು ನೂರು ರೂಪಾಯಿ ಕೂಲಿಗೆ ಮುಕ್ಕಾಲು ರೂಪಾಯಿ ತೆರುತ್ತಾ ಬಂದಿದ್ದಾರೆ. ಇದು ಭಿಕ್ಷೆಯಲ್ಲ, ಹಕ್ಕು. ಎರಡು, ಗಿರಣಿಗಳಲ್ಲಿ ಗಾಳಿ, ತಣ್ಣೀರು, ಹತ್ತು ನಿಮಿಷದ ವಿರಾಮ ಕೇಳದೆಯೇ ಸಿಗಬೇಕು. ಗಾಳಿ ಬೆಳಕಿನ ವಿಧಿ 1948ರ ಕಾರ್ಖಾನೆ ಕಾಯಿದೆಯ ಕಾಲದಿಂದ ಕಾಗದದಲ್ಲಿದೆ, ಷೆಡ್ಡಿನೊಳಗೆ ಬರಬೇಕು. ಮೂರು, ಆ ಪುಸ್ತಿಕೆಯನ್ನು ಆರೋಗ್ಯ ಇಲಾಖೆ ಕನ್ನಡದಲ್ಲಿ ತಂದು ಆಶಾ ಕಾರ್ಯಕರ್ತೆಯರ ಮೂಲಕ ಹಂಚಬೇಕು, ಆ ಕೆಲಸಕ್ಕೆ ಅವರಿಗೆ ಹಣ ಕೊಡಬೇಕು. ನಾಲ್ಕು, ಡಬ್ಬಿಗಳ ಮಾದರಿ ತೆಗೆದು ಪರೀಕ್ಷಿಸಿ, ಫಲಿತಾಂಶವನ್ನು ಊರವರಿಗೆ ಕಾಣುವಂತೆ ಹಚ್ಚಬೇಕು.

ಕಾರ್ಮಿಕ ಸಂಘಗಳ ಗಂಡಸರಿಗೂ ಒಂದು ಮಾತು. ಮುಂದಿನ ಬೇಡಿಕೆ ಪಟ್ಟಿ ಬರೆಯುವಾಗ ಹೆಂಗಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ. ದಾರ ತುಂಡಾಗಬಾರದೆಂದು ಗಾಳಿಗೆ ತೇವ ಕೊಡುವ ಗಿರಣಿ, ಆ ದಾರ ನೂಲುವ ತಾಯಿಗೆ ಒಂದು ಲೋಟ ತಣ್ಣೀರು ಕುಡಿಯುವಷ್ಟು ಹೊತ್ತನ್ನಾದರೂ ಕೊಡಬೇಕು.